ಹೆಪ್ಪಿನ ಋಣ

ನಮ್ಮ ಮನೆಯಲ್ಲಿ ಹೆಪ್ಪು ತೀರಿದ್ದನ್ನು ನಾವು ಕಂಡದ್ದು ಒಂದೇ ಬಾರಿ. ಅಮ್ಮ ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ನಿನ್ನೆಯ ಮೊಸರಿನ ಒಂದು ಚಮಚ ಇಂದಿನ ಹಾಲಿಗೆ ತಪ್ಪದೆ ಬೀಳುತ್ತಿತ್ತು.

ಅದು ಆಟಿ ತಿಂಗಳು. ಹಟ್ಟಿಯ ಕಾಸರಗೋಡು ಗಿಡ್ಡ ಹಸುವಿಗೆ ಕೆಚ್ಚಲುಬಾವು ಬಂತು. ಪಶುವೈದ್ಯರು ಇಂಜೆಕ್ಷನ್ ಕೊಟ್ಟು, ತಾವು ಹೇಳಿದಷ್ಟು ದಿನ ಹಾಲನ್ನು ಬಳಸಕೂಡದೆಂದು ಎಚ್ಚರಿಸಿದರು. ಬಾವು ಇಳಿದೊಡನೆ ನಾವು ಆ ಮಾತನ್ನು ಮರೆತೆವು. ಹಾಲು ಚೆಲ್ಲಲು ಕೈ ಬರಲಿಲ್ಲ. ಮಕ್ಕಳಿಗೂ ಕೊಟ್ಟೆವು, ಉಳಿದುದಕ್ಕೆ ಹೆಪ್ಪು ಹಾಕಿದೆವು. ಬೆಳಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇತ್ತು. ಇದ್ದ ಮೊಸರನ್ನೆಲ್ಲ ಸುರಿದು ಮರಳಿ ಯತ್ನಿಸಿದೆವು. ಮರುದಿನ ಪಾತ್ರೆ ನಾತ ಹೊಡೆಯಿತು.

ಕಾರಣ ತಿಳಿದದ್ದು ಆಮೇಲೆ. ಹೆಪ್ಪಿನಲ್ಲಿರುವ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಆ ಹುಳಿಯಲ್ಲಿ ಹಾಲನ್ನು ಕೊಳೆಸುವ, ರೋಗ ತರುವ ಅನೇಕ ಜೀವಾಣುಗಳು ಬೆಳೆಯಲಾರವು. ಈ ಕುಲದ ಕೆಲವು ಜೀವಿಗಳಿಗೆ ಬೇರೆ ಅಸ್ತ್ರವೂ ಉಂಟು. 1928ರಲ್ಲಿ ವಿಜ್ಞಾನಿಗಳ ಗಮನಕ್ಕೆ ಬಂದ ನಿಸಿನ್ ಅಂಥದೊಂದು. ಇಂದು ಅದನ್ನು ಚೀಸ್ ಕೆಡದಂತೆ ಕಾಯಲು ಬಳಸುತ್ತಾರೆ. ಆದರೆ ಹಸುವಿನ ಔಷಧ ಹಾಲಿನಲ್ಲಿ ಉಳಿದಿದ್ದರೆ ಈ ಕಾವಲುಗಾರರೇ ಮೊದಲು ಸಾಯುತ್ತಾರೆ. ಕಾವಲಿಲ್ಲದ ಪಾತ್ರೆಯನ್ನು ಔಷಧಕ್ಕೆ ಬಗ್ಗದ ಜೀವಾಣುಗಳು ಆಕ್ರಮಿಸುತ್ತವೆ. ಕುದಿಸಿದ ಮಾತ್ರಕ್ಕೆ ಔಷಧದ ಅಂಶ ಪೂರ್ತಿ ಹೋಗುವುದಿಲ್ಲ. ಹೀಗೆ ಅರಿಯದೆ ಸೇವಿಸಿದ ಔಷಧ ರೋಗಾಣುಗಳನ್ನು ಮತ್ತಷ್ಟು ಗಟ್ಟಿಗೊಳಿಸಬಹುದು. ಹೆಪ್ಪನ್ನು ಕೊಂದ ಆ ಹಾಲನ್ನೇ ಮಕ್ಕಳಿಗೆ ಕುಡಿಸಿದ್ದೆವಲ್ಲ ಎಂಬ ಅಳುಕು ನಮ್ಮನ್ನು ಇಂದಿಗೂ ಬಿಟ್ಟಿಲ್ಲ.

ಮೊಸರು ಮಜ್ಜಿಗೆಗಳು ವೈದ್ಯರ ಔಷಧಕ್ಕೆ ಬದಲಿಯಲ್ಲ, ನಿಜ. ಆದರೆ ಹಾಲು ಹೆಪ್ಪುಗಟ್ಟದಿದ್ದಾಗ ಹೆಪ್ಪನ್ನು ಬೈಯದೆ, ಹಟ್ಟಿಯಲ್ಲೇನು ನಡೆಯಿತೆಂದೂ ವಿಚಾರಿಸುವುದು ಮನೆಯವರ ಕರ್ತವ್ಯ.

ಹಸುವಿನ ಗಡುವು ಮುಗಿದ ಮೇಲೆ ಅಮ್ಮ ಲೋಟ ಹಿಡಿದು ನೆರೆಮನೆಗೆ ನಡೆದರು. ಅವರದು ಮಲಯಾಳ ಮನೆಮಾತು. ನಮ್ಮ ಹೆಪ್ಪು ಅವರಿಗೆ ‘ಉರ’. ಲೋಟ ತುಂಬಿಸುತ್ತ ಆ ಮನೆಯಾಕೆ ನಕ್ಕರು: “ಇದು ನಿಮ್ಮದೇ ಅಲ್ಲವೇ ಅಕ್ಕಾ? ನಾವು ಇಲ್ಲಿಗೆ ಬಂದ ವರ್ಷ ನೀವೇ ಕೊಟ್ಟದ್ದು.”

ಮರುದಿನ ಬೆಳಗ್ಗೆ ಮೊಸರು ಗಟ್ಟಿಯಾಗಿ ನಿಂತಿತ್ತು. ಕೊಟ್ಟ ಹೆಪ್ಪು ಗಡಿಯೊಳಗೂ ಉಳಿಯುವುದಿಲ್ಲ, ಭಾಷೆಯೊಳಗೂ ಉಳಿಯುವುದಿಲ್ಲ. ಕೊಟ್ಟವರ ಮನೆಗೇ ಒಂದು ದಿನ ಮರಳಿ ಬರುತ್ತದೆ.