ಕೇದಿಗೆಗೂ ಹಣ್ಣುಂಟು

ಗೌರಿ-ಗಣಪತಿ ಹಬ್ಬ ಬಂತೆಂದರೆ ಕೊಗನೊಳ್ಳಿಯ ನಮ್ಮವ್ವನಿಗೆ ಕೇದಿಗೆಯ ಒಂದು ಎಸಳಾದರೂ ಬೇಕು. ಪೇಟೆಯಲ್ಲಿ ಅದಕ್ಕೆ ‘ಕೇವಡಾ’ ಅನ್ನುತ್ತಾರೆ. ನಮ್ಮ ಸುತ್ತ ಕಬ್ಬು, ತಂಬಾಕು. ಕೇದಿಗೆ ಎಲ್ಲಿಂದ ಬರಬೇಕು? ಗಿಡದಲ್ಲೇ ತೋರಿಸೋಣವೆಂದು ಈ ಸಲ ಅವ್ವನನ್ನೂ ಮಗಳನ್ನೂ ಕರೆದುಕೊಂಡು ನಿಪ್ಪಾಣಿ, ಗಡಹಿಂಗ್ಲಜ, ಆಜರಾ ದಾಟಿ ಆಂಬೋಲಿ ಘಾಟ ಇಳಿದೆ.

ವೆಂಗುರ್ಲಾ ಕಡೆಯ ಒಂದು ಹಳ್ಳದ ದಂಡೆ. ಕೋಲೂರಿದ ಮುದುಕರಂತೆ, ಕಾಂಡದಿಂದ ಇಳಿದ ಬೇರುಗಳ ಮೇಲೆ ಗಿಡಗಳು ನಿಂತಿದ್ದವು. ಎಲೆಯ ಅಂಚಿಗೆಲ್ಲ ಗರಗಸದಂಥ ಮುಳ್ಳು.

“ಆಯೀ, ಅನಾನಸ್!” ಎಂದು ಮಗಳು ಕೂಗಿದಳು.

ಅನಾನಸ್ ಅಲ್ಲ, ಕೇದಿಗೆಯ ಹಣ್ಣು! ಇಷ್ಟು ವರ್ಷ ಹೂ ಮುಡಿದರೂ ಅವ್ವ ಅದನ್ನು ಕಂಡಿರಲಿಲ್ಲ. ಕೇದಿಗೆಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಘಮಘಮಿಸುವ ಹೂ ಗಂಡಿನದು, ಹಣ್ಣು ಹೆಣ್ಣಿನದು.

“ತಿನ್ನಾಕ ಬರತೈತೇನಪ್ಪಾ?”

ಹಸಿಯಾಗಿ ಬಾಯಿಗಿಟ್ಟರೆ ತುರಿಸೀತು. ಆದರೆ ನಿಕೋಬಾರ್ ದ್ವೀಪಗಳಲ್ಲಿ ಇದರ ಬಳಗದ ದೊಡ್ಡ ಹಣ್ಣಿನ ಗಿಡವೊಂದಿದೆ. ಅಲ್ಲಿಯವರು ಹಣ್ಣನ್ನು ಬೇಯಿಸಿ, ತಿರುಳು ಕೆರೆದು, ನಾರು ತೆಗೆದು ಮುದ್ದೆ ಮಾಡುತ್ತಾರೆ. ನಮಗೆ ಜೋಳದ ರೊಟ್ಟಿ ಹೇಗೋ ಅವರಿಗೆ ಅದು ಹಾಗೆ. 2004ರ ಡಿಸೆಂಬರ್ 26ರ ಸುನಾಮಿ ತೆಂಗಿನ ಜೊತೆಗೆ ಈ ಗಿಡಗಳನ್ನೂ ಹಾಳುಮಾಡಿತು. ಮತ್ತೆ ನೆಟ್ಟರೂ ಹಣ್ಣು ಬಿಡಲು ವರ್ಷಗಳೇ ಬೇಕು.

“ಹಂಗಾರ ಅವ್ರು ಏನ್ ತಿಂದ್ರೋ?” ಎಂದಳು ಅವ್ವ.

“ಸರ್ಕಾರ ಕೊಟ್ಟ ಅಕ್ಕಿ.”

ಅವ್ವ ಹಣ್ಣನ್ನು ಒಮ್ಮೆ ಸವರಿ, ಗಿಡದಲ್ಲೇ ಬಿಟ್ಟಳು.