ಮೂವರು ಅಡ್ರಾಸ್ಟಸರು

ಹೋಮರನ ‘ಇಲಿಯಡ್’ನಲ್ಲಿ ಅಕಿಲೀಸನ ಕೋಪಕ್ಕಿಂತಲೂ ನನಗೆ ಹೆಚ್ಚು ರುಚಿ ಅದರ ಸಣ್ಣ ಹೆಸರುಗಳಲ್ಲಿ. ಒಂದು ಸಾಲಿನಲ್ಲಿ ಬಂದು, ಆ ಸಾಲು ಮುಗಿಯುವುದರೊಳಗೆ ಸತ್ತುಹೋಗುವ ಯೋಧರು. ಅವರಲ್ಲೂ ಒಂದೇ ಹೆಸರಿನವರು ಸಿಕ್ಕರೆ ಓದು ಅಲ್ಲೇ ನಿಲ್ಲುತ್ತದೆ, ಪೆನ್ಸಿಲು ಹಿಡಿದು ಹಿಂದಿನ ಪುಟಗಳಿಗೆ ಹೊರಡುತ್ತೇನೆ. ಅಪ್ಪ ಯಾರು, ಊರು ಯಾವುದು, ಕೊಂದವರು ಯಾರು? ಇಷ್ಟು ಗೊತ್ತಾದರೆ ಮನುಷ್ಯ ಬೇರೆಯಾಗಿ ನಿಲ್ಲುತ್ತಾನೆ.

ಇಬ್ಬರು ಏಜಾಕ್ಸರ ಮಾತು ಬಿಡಿ, ಕವಿಯೇ ಅವರನ್ನು ಗುರುತಿಸಿಕೊಡುತ್ತಾನೆ. ನನಗೆ ಇಷ್ಟವಾದವರು ಅಡ್ರಾಸ್ಟಸರು. ಥೀಬ್ಸ್ ಮೇಲೆ ದಂಡೆತ್ತಿ ಹೋದ ಆರ್ಗೋಸಿನ ದೊರೆ ಅಡ್ರಾಸ್ಟಸ್ ಹೆಸರಾಂತ. ಟ್ರಾಯ್ ಪಕ್ಷದಲ್ಲಿ ಅದೇ ಹೆಸರಿನ ಮೂವರಿದ್ದಾರೆ.

6ನೆಯ ಸರ್ಗದವನ ಕುದುರೆಗಳು ಬೆದರಿ ಓಡಿ, ಗಿಡಕ್ಕೆ ಸಿಕ್ಕಿ, ರಥದ ಮೂಕಿ ಮುರಿಯುತ್ತದೆ. ಗಾಲಿಯ ಪಕ್ಕ ಬೋರಲು ಬಿದ್ದವನು ಮೆನೆಲಾಸನ ಮೊಣಕಾಲು ಹಿಡಿದು ಬೇಡುತ್ತಾನೆ: ಅಪ್ಪನ ಮನೆಯಲ್ಲಿ ಕಂಚು, ಚಿನ್ನ, ಕಬ್ಬಿಣ ಇದೆ, ಕೊಡಿಸುತ್ತೇನೆ, ಜೀವ ಉಳಿಸು. ಮೆನೆಲಾಸನ ಮನಸ್ಸು ಕರಗುವಷ್ಟರಲ್ಲಿ ಅಣ್ಣ ಅಗಮೆಮ್ನಾನ್ ಓಡಿಬಂದು ತಾನೇ ಇರಿಯುತ್ತಾನೆ. ಎರಡನೆಯವನು ಪೆರ್ಕೋಟೆಯ ಮೆರೋಪ್ಸನ ಮಗ. ಮುಂದಾಗುವುದನ್ನು ಬಲ್ಲ ಅಪ್ಪ, ಯುದ್ಧಕ್ಕೆ ಹೋಗಬೇಡಿ ಎಂದಿದ್ದ, ಮಕ್ಕಳು ಕೇಳಲಿಲ್ಲ. 11ನೆಯ ಸರ್ಗದಲ್ಲಿ ಡಯೊಮಿಡೀಸ್ ಅಣ್ಣತಮ್ಮಂದಿರಿಬ್ಬರನ್ನೂ ಕೊಲ್ಲುವಾಗ ಅವರ ಹೆಸರೇ ಇಲ್ಲ! 2ನೆಯ ಸರ್ಗದ ಸೇನಾಪಟ್ಟಿಗೆ ಮರಳಿ ಹೋದರೆ ಮಾತ್ರ ಅವರಲ್ಲೊಬ್ಬ ಅಡ್ರಾಸ್ಟಸ್ ಎಂದು ತಿಳಿಯುತ್ತದೆ. ಅದು ಸಿಕ್ಕ ಸಂಜೆ ನನಗಾದ ಹಿಗ್ಗು ಅಷ್ಟಿಷ್ಟಲ್ಲ. ಮೂರನೆಯವನು ಪೆಟ್ರೋಕ್ಲಸ್ ಕೊಂದವರ ಒಂದು ಪಟ್ಟಿಯ ಮೊದಲ ಹೆಸರು, ಅಷ್ಟೆ. ಅಪ್ಪನಿಲ್ಲ, ಊರಿಲ್ಲ. ಅವನಿಗೂ ನನ್ನ ನೋಟುಪುಸ್ತಕದಲ್ಲಿ ಒಂದು ಪುಟ ಕೊಟ್ಟಿದ್ದೇನೆ.

ಪಾಫ್ಲಗೋನಿಯದ ಪಿಲೈಮೆನೀಸನದು ಬೇರೆಯೇ ಕಥೆ. 5ನೆಯ ಸರ್ಗದಲ್ಲಿ ಮೆನೆಲಾಸನ ಈಟಿಗೆ ಸತ್ತವನು 13ನೆಯದರಲ್ಲಿ ಮಗ ಹಾರ್ಪಾಲಿಯನ್ನನ ಹೆಣದ ಜೊತೆ ಅಳುತ್ತ ನಡೆಯುತ್ತಾನೆ. ಇವರು ಇಬ್ಬರು, ಹೆಸರು ಮಾತ್ರ ಒಂದು ಎಂದು ಹಳೆಯ ವ್ಯಾಖ್ಯಾನಕಾರರಲ್ಲಿ ಕೆಲವರು ಬಗೆಹರಿಸಿದರು. ಒಂದೇ ಹೆಸರಿನವರನ್ನು ಬಿಡಿಸಿಡುವುದೇ ನನಗೆ ಪ್ರೀತಿಯ ಕೆಲಸ. ಆದರೂ ಈ ಅಪ್ಪನನ್ನು ಇಬ್ಬರನ್ನಾಗಿ ಮಾಡಲು ಮನಸ್ಸು ಒಪ್ಪುವುದಿಲ್ಲ. ಹಾರ್ಪಾಲಿಯನ್ ಯುದ್ಧಕ್ಕೆ ಬಂದದ್ದೇ ಅಪ್ಪನ ಹಿಂದೆ. ಅವನಿಗಾಗಿ ಅಳಲು ಆ ಅಪ್ಪನೇ ಬೇಕಿತ್ತು, ಕವಿ ಅವನನ್ನೇ ಕರೆದ.

ಈಗ ಕ್ರೋಮಿಯಸರ ಸರದಿ. ಒಬ್ಬ ಪ್ರಿಯಾಮನ ಮಗ, ಒಬ್ಬ ಲಿಸಿಯದವನು, ಒಬ್ಬ ನೆಸ್ಟರನ ಕಡೆಯವನು. ಟ್ಯೂಸರನ ಬಾಣಕ್ಕೆ ಬಿದ್ದ ಇನ್ನೊಬ್ಬನ ಅಪ್ಪನನ್ನು ಹುಡುಕುತ್ತಿದ್ದೇನೆ.