ನಿನ್ನ ಹೆಸರಿಗೇ ಐತೆ

ಕಣ್ಣಿನ ಪೊರೆ ತೆಗೆಸಲೆಂದು ಚಿಕ್ಕಪ್ಪ ಬೆಂಗಳೂರಿನ ನನ್ನ ರೂಮಿಗೆ ಬಂದಾಗ ನಾನು ಒಂಬತ್ತು ವಿಗ್ರಹ ಕದ್ದಾಗಿತ್ತು. ಇನ್ನೊಂದು ಬಾಕಿ ಇತ್ತು.

ಗಾಬರಿಯಾಗಬೇಡಿ, ಕದ್ದಿದ್ದು ಕಂಪ್ಯೂಟರಿನಲ್ಲಿ. ಆಟದ ಹೆಸರು ‘ದಿ ಎಲ್ಡರ್ ಸ್ಕ್ರೋಲ್ಸ್: ಆಬ್ಲಿವಿಯನ್’. ಮೊದಲು ಬಂದದ್ದು 2006ರಲ್ಲಿ. ಚಿತ್ರದುರ್ಗದಲ್ಲಿ ಪಿಯುಸಿ ಓದುವಾಗ ಗೆಳೆಯನ ರೂಮಿನ ಅಸೆಂಬಲ್ಡ್ ಕಂಪ್ಯೂಟರಿನಲ್ಲಿ ಇದನ್ನು ಆಡಿದ್ದೆ. ಆ ಬಡಪಾಯಿ ಯಂತ್ರಕ್ಕೆ ಹುಲ್ಲು, ನೆರಳು ಎಲ್ಲವನ್ನೂ ಆರಿಸಿದರೆ ಮಾತ್ರ ಆಟ ಓಡುತ್ತಿತ್ತು. ಹಾಗಾಗಿ ನನ್ನ ನೆನಪಿನಲ್ಲಿದ್ದದ್ದು ಒಂದು ಬೋಳು ನಾಡು. ಗುಹೆಯೊಳಗೆ ಅರ್ಧ ದಾರಿ ಹೋಗಿರುತ್ತಿದ್ದೆವು, ಕರೆಂಟ್ ಹೋಗುತ್ತಿತ್ತು. ಸೇವ್ ಮಾಡಿರದಿದ್ದರೆ ಮತ್ತೆ ಬಾಗಿಲಿನಿಂದಲೇ ಶುರು.

2025ರ ಏಪ್ರಿಲ್ 22ರಂದು ಅದರ ರಿಮಾಸ್ಟರ್ ಬಂತು. ಒಳಗೆ ಹಳೇ ಎಂಜಿನ್ನೇ ಕೆಲಸ ಮಾಡುತ್ತದೆ, ಕಣ್ಣಿಗೆ ಕಾಣುವುದನ್ನು ಮಾತ್ರ ಅನ್‌ರಿಯಲ್ ಎಂಜಿನ್ 5ರಲ್ಲಿ ಹೊಸದಾಗಿ ಕಟ್ಟಿದ್ದಾರೆ. ಹಳೇ ಗೋಡೆಗೆ ಹೊಸ ಸುಣ್ಣ ಅಂತ ಗೆಳೆಯ ನಕ್ಕ. ನನಗೋ, ಹದಿನೇಳನೇ ವಯಸ್ಸಿನಲ್ಲಿ ನೋಡಲಾಗದ ಹುಲ್ಲನ್ನು ಈಗಲಾದರೂ ನೋಡಬೇಕಿತ್ತು. ಕೊಂಡೆ.

ಲೋಕಕ್ಕೆ ವಿಪತ್ತು ಬಂದಿದೆ, ಕಾಪಾಡಬೇಕು ಎನ್ನುವ ದೊಡ್ಡ ಕಥೆಯೊಂದು ಅದರಲ್ಲಿದೆ. ಅದನ್ನು ಆಚೆಗಿಟ್ಟು ನಾನು ಮಾಡಿದ್ದು ಬರೀ ಹುಡುಕಾಟ. ನೀರಿನ ಅಂಚಿನಲ್ಲಿ ನಿರ್ನ್‌ರೂಟ್ ಎನ್ನುವ ಗಿಡ ಬೆಳೆಯುತ್ತದೆ. ಅದು ಮಿನುಗುತ್ತದೆ, ಹತ್ತಿರ ಹೋದರೆ ಗುಂಯ್ ಎನ್ನುತ್ತದೆ. ಸ್ಕಿಂಗ್ರಾಡ್ ಎಂಬ ಊರಿನ ಹೋಟೆಲಿನ ನೆಲಮಾಳಿಗೆಯಲ್ಲಿ ಕೂತ ಸಿಂಡೇರಿಯನ್ ಎಂಬ ಔಷಧಿಗಾರ ಮೊದಲು ಹತ್ತು ತಾ ಎನ್ನುತ್ತಾನೆ, ಆಮೇಲೆ ಇಪ್ಪತ್ತು, ಮೂವತ್ತು, ನಲವತ್ತು. ಒಟ್ಟು ನೂರು. ಒಮ್ಮೆ ಕಿತ್ತ ಜಾಗದಲ್ಲಿ ಅದು ಮತ್ತೆ ಹುಟ್ಟುವುದಿಲ್ಲ. ಆ ಗುಂಯ್ ನಿಂತಾಗ ಕೆರೆಯಂಚು ಬಿಕೋ ಎನ್ನುತ್ತದೆ. ಆದರೂ ಕೀಳುತ್ತೇವೆ, ಪಟ್ಟಿ ತುಂಬಬೇಕಲ್ಲ.

ವಿಗ್ರಹಗಳದು ಇನ್ನೊಂದು ಪಟ್ಟಿ. ರಾಜಧಾನಿಯಲ್ಲಿ ಅಂಬಕಾನೋ ಎಂಬ ಸಾಹುಕಾರನಿದ್ದಾನೆ. ಐಲೀಡ್ ಎಂಬ ಹಿಂದಿನ ಕಾಲದ ಜನರ ಪಳೆಯುಳಿಕೆಗಳ ಹುಚ್ಚು ಅವನಿಗೆ. ಐಲೀಡರು ಅಳಿದು ಹೋಗಿದ್ದಾರೆ, ಅವರ ಬಿಳಿಗಲ್ಲಿನ ಊರುಗಳು ನೆಲದಡಿ ಹಾಳುಬಿದ್ದಿವೆ. ಅವುಗಳಲ್ಲಿ ಚದುರಿರುವ ಹತ್ತು ವಿಗ್ರಹಗಳು ಅವನಿಗೆ ಬೇಕು. ಮೆಟ್ಟಿಲಿಳಿದು ಹೋದರೆ ಹಸಿರುನೀಲಿ ಹೊಳೆಯುವ ವೆಲ್ಕಿಂಡ್ ಕಲ್ಲುಗಳು, ಕಾಲಿಟ್ಟರೆ ನೆಲದಿಂದೇಳುವ ಮುಳ್ಳುಗಳು, ಒತ್ತಿದರೆ ಗೋಡೆ ಸರಿಯುವ ಗುಟ್ಟಿನ ಕಲ್ಲು.

ದುರ್ಗದ ಹುಡುಗನಿಗೆ ಇದೇನೂ ಹೊಸದಲ್ಲ. ಏಳುಸುತ್ತಿನ ಕೋಟೆಯ ಬಾಗಿಲುಗಳು ಒಂದಕ್ಕೊಂದು ನೇರ ಇಲ್ಲ. ಒಂದನ್ನು ದಾಟಿದವನು ಮುಂದಿನದನ್ನು ಕಾಣಬೇಕಾದರೆ ತಿರುಗಲೇಬೇಕು, ತಿರುಗಿದಾಗ ಮೇಲಿನ ಗೋಡೆಯವನಿಗೆ ಸಿಕ್ಕಿಬೀಳುತ್ತಾನೆ. ಒಬ್ಬೊಬ್ಬರೇ ತೂರಬೇಕಾದ ಓಬವ್ವನ ಕಿಂಡಿಯ ಕಥೆ ಗೊತ್ತಿಲ್ಲದವರಾರು? ಊರಾಚೆ ಚಂದ್ರವಳ್ಳಿಯಲ್ಲಿ ಬಂಡೆಗಳ ಕೆಳಗೆ ಅಂಕಲಿ ಮಠದ ಗುಹೆಗಳಿವೆ. ನಡುಹಗಲಲ್ಲೂ ಟಾರ್ಚಿಲ್ಲದೆ ಹೆಜ್ಜೆ ಇಡಲಾಗದು. ಬಗ್ಗಿ ನುಸುಳುವ ಬಾಗಿಲು, ಒಳಗೊಂದು ಕೋಣೆ, ಅದರೊಳಗೆ ಇನ್ನೊಂದು. ಶಾಲೆಯ ಪ್ರವಾಸದಲ್ಲಿ ಹೋದಾಗ ಯಾರೋ ಟಾರ್ಚ್ ಆರಿಸಿದರು. ಆ ಕತ್ತಲೆಯಲ್ಲಿ ನನ್ನ ಕೈ ನನಗೇ ಕಾಣಲಿಲ್ಲ. ಹೊರಬಂದ ಮೇಲೆ ಹಳ್ಳದ ಬದಿಯಲ್ಲಿ ಬಿದ್ದಿದ್ದ ಕೆಂಪು ಮಡಕೆಯ ಚೂರೊಂದನ್ನು ಜೇಬಿಗೆ ಹಾಕಿಕೊಂಡೆ. ನನ್ನ ಮೊದಲ ‘ಲೂಟಿ’ ಅದು. ಇವತ್ತೂ ನನ್ನ ಪೆನ್ಸಿಲ್ ಡಬ್ಬಿಯಲ್ಲಿದೆ.

ಈಗ ಚಿಕ್ಕಪ್ಪನ ವಿಷಯ. ನಮ್ಮದು ಹೊಳಲ್ಕೆರೆ ಕಡೆಯ ಹಳ್ಳಿ. ಚಿಕ್ಕಪ್ಪನ ಪಾಲಿಗೆ ಒಂದೂಕಾಲು ಎಕರೆ ಅಡಿಕೆ ತೋಟ ಬಂದಿತ್ತು. ಬೋರ್‌ವೆಲ್ ಮೇಲೆ ಬೋರ್‌ವೆಲ್ ಕೊರೆಸಿ ಸೋತಿದ್ದ ಕಾಲದಲ್ಲಿ ಹಿರಿಯೂರಿನ ಬಸ್ ಸ್ಟ್ಯಾಂಡಿನಲ್ಲಿ ಅವನಿಗೆ ಒಬ್ಬನ ಪರಿಚಯವಾಯಿತು. ನಮ್ಮ ಕಡೆ ಪಾಳೇಗಾರರು ಹೊನ್ನು ಹೂತಿಟ್ಟು ಹೋದ ಕಥೆ ಇಲ್ಲದ ಗುಡ್ಡವೇ ಇಲ್ಲ. ಆ ಮನುಷ್ಯ ವೀಳ್ಯದೆಲೆಗೆ ಅಂಜನ ಹಚ್ಚಿ ನೋಡಿ, ಹೊಸದುರ್ಗದ ದಿಕ್ಕಿನ ಒಂದು ಗುಡ್ಡದ ಪಾಳು ಮಂಟಪ ತೋರಿಸಿದನಂತೆ. “ಕೊಪ್ಪರಿಗೆ ಐತೆ. ನಿನ್ನ ಹೆಸರಿಗೇ ಐತೆ. ಬೇರೆಯವರು ಮುಟ್ಟಿದ್ರೆ ಇದ್ದಿಲಾಗ್ತೈತೆ” ಅಂದನಂತೆ.

ಮೂರು ಅಮಾವಾಸ್ಯೆ ಅಗೆದರು. ಪ್ರತಿ ಸಲವೂ ಪೂಜೆಯ ಖರ್ಚು. ತೋಟದ ಅರ್ಧ ಹೋಯಿತು, ಚಿಕ್ಕಮ್ಮನ ಸರ ಹೋಯಿತು. ಮೂರನೆಯ ರಾತ್ರಿ ಆಳದಲ್ಲಿ ಸಿಕ್ಕಿದ್ದು ಒಡೆದ ಮಡಕೆ, ಬೂದಿ ಮತ್ತು ಒಂದು ಬೊಗಸೆ ಇದ್ದಿಲು. “ನೋಡಿದ್ಯಾ, ನಿಮ್ಮಲ್ಲಿ ಯಾರದೋ ಮೈಲಿಗೆ ತಾಗಿ ಇದ್ದಿಲಾಯ್ತು” ಎಂದ ಆ ಮನುಷ್ಯ ಮತ್ತೆ ಕಾಣಲಿಲ್ಲ. ಊರಿಗೆ ಸುದ್ದಿ ಹಬ್ಬಿತು. ನಿಧಿ ಅಗೆಯೋನು ಎನ್ನುವ ಅಡ್ಡಹೆಸರು ಚಿಕ್ಕಪ್ಪನಿಗೆ ಅಂಟಿತು. ಅವನ ಮಕ್ಕಳನ್ನು ಶಾಲೆಯಲ್ಲಿ ಹಾಗೇ ಕರೆದರು.

ಅಜ್ಜಿ ಬೈದದ್ದು ಒಂದೇ ಮಾತು. ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದಲ್ಲಿ ಒಂದು ಗಂಗೆಯ ಕೊಳವಿದೆ. ಮನಸ್ಸಿನಲ್ಲಿ ಬೇಡಿಕೊಂಡರೆ ಬಳೆಯೋ ಅಡಿಕೆಯೋ ಎಲೆಯೋ ನೀರಿನಿಂದ ಮೇಲೆ ಬರುತ್ತದೆ, ಅದೇ ಗಂಗಮ್ಮನ ಪ್ರಸಾದ ಎಂದು ಜನ ನಂಬುತ್ತಾರೆ. ಅಜ್ಜಿಗೆ ಒಮ್ಮೆ ಒಂದು ಗೋಟಡಿಕೆ ಸಿಕ್ಕಿತ್ತು, ಸಾಯುವವರೆಗೂ ದೇವರ ಗೂಡಿನಲ್ಲಿಟ್ಟುಕೊಂಡಿದ್ದಳು. “ಕೈಯೊಡ್ಡಿದ್ರೆ ಕೊಡೋ ತಾಯಿ ಇರುವಾಗ ಅಗೆಯೋಕೆ ಹೋದ್ಯಲ್ಲೋ” ಅಂದಳು. ಆಮೇಲೆ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ನಾನೂ ಎತ್ತಿರಲಿಲ್ಲ.

ಆಪರೇಷನ್ ಆದ ರಾತ್ರಿ ಚಿಕ್ಕಪ್ಪನಿಗೆ ನಿದ್ದೆ ಬರಲಿಲ್ಲ. ಒಂದು ಕಣ್ಣಿಗೆ ಪಟ್ಟಿ. ನಾನು ಸದ್ದು ಆರಿಸಿ ಆಡುತ್ತಿದ್ದೆ. ಹಿಂದಿನಿಂದ ದನಿ ಬಂತು.

“ಅದೇನಪ್ಪಾ ಅದು, ಗುಡಿನಾ?”

“ಹಾಳೂರು ಚಿಕ್ಕಪ್ಪ. ಹಳೇ ಕಾಲದ್ದು. ಒಳಗೊಂದು ವಿಗ್ರಹ ಐತೆ, ಹುಡುಕ್ತಿದೀನಿ.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಕುರ್ಚಿ ಎಳೆದುಕೊಂಡು ಕೂತ. ಒಂದೇ ಕಣ್ಣಲ್ಲಿ ನೋಡತೊಡಗಿದ. ಕಣ್ಣಿಗೆ ಆಯಾಸ ಮಾಡಬೇಡಿ ಅಂದಿದಾರೆ ಎಂದು ನೆನಪಿಸಿದೆ. ಕೇಳಿಸಿಕೊಳ್ಳಲಿಲ್ಲ. ಹತ್ತು ನಿಮಿಷದಲ್ಲಿ ಅವನೇ ಹೇಳುತ್ತಿದ್ದ: “ಆ ಮೂಲೆ ಬಿಟ್ಟೆ ನೋಡು... ಆ ಕಲ್ಲು ಬೇರೆ ಬಣ್ಣ ಐತಲ್ಲ, ಮುಟ್ಟು.” ಮುಟ್ಟಿದೆ. ಗೋಡೆ ಸರಿಯಿತು. ಇಬ್ಬರೂ ನಕ್ಕೆವು. ಒಳಗೆ ಒಂದು ಪೆಟ್ಟಿಗೆ. ತೆರೆದರೆ ಹೊನ್ನು, ಒಂದು ಉಂಗುರ. ಮುಂದಿನ ಕೋಣೆಯಲ್ಲಿ ಇನ್ನೊಂದು ಪೆಟ್ಟಿಗೆ, ಅದರಲ್ಲೂ ಏನೋ.

“ಖಾಲಿ ಪೆಟ್ಟಿಗೆ ಇಡೋದೇ ಇಲ್ವಾ ಇವ್ರು?”

“ಅಪರೂಪ. ಖಾಲಿ ಇದ್ರೆ ಯಾರು ಆಡ್ತಾರೆ ಚಿಕ್ಕಪ್ಪ?”

“ಅಂದ್ರೆ ಎಲ್ಲಾ ನಿನಗೇ ಅಂತ ಇಟ್ಟಿರೋದು.”

ಆ ಮಾತಿಗೆ ನನ್ನ ಕೈ ಕೀಬೋರ್ಡಿನ ಮೇಲೆ ನಿಂತಿತು. ಇಪ್ಪತ್ತು ವರ್ಷದಿಂದ ಈ ಆಟದ ಬಗ್ಗೆ ನಾನು ಓದಿದ್ದರಲ್ಲಿ ಯಾರೂ ಇಷ್ಟು ಸರಿಯಾಗಿ ಹೇಳಿರಲಿಲ್ಲ. ಆಟದ ನೆಲದಡಿ ಇರುವುದೆಲ್ಲ ಆಡುವವನ ಹೆಸರಿಗೇ ಇರುತ್ತದೆ. ಬೇರೆಯವರಿಗೆ ಸಿಗುವುದಿಲ್ಲ, ಬೇರೆಯವರು ಬರುವುದೇ ಇಲ್ಲ. ಅದಕ್ಕೇ ಅಲ್ಲವೇ ದಣಿದು ಬಂದ ರಾತ್ರಿ ಅಲ್ಲಿಗೆ ಇಳಿಯುವುದು ಅಷ್ಟು ಹಿತ? ಬಸ್ ಸ್ಟ್ಯಾಂಡಿನ ಆ ಮನುಷ್ಯ ಚಿಕ್ಕಪ್ಪನಿಗೆ ಮಾರಿದ್ದೂ ಚಿನ್ನವನ್ನಲ್ಲ, ಇದೇ ಹಿತವನ್ನು. ಬೋರ್‌ವೆಲ್ಲುಗಳೆಲ್ಲ ಕೈಕೊಟ್ಟ ವರ್ಷ, ಈ ನೆಲ ನಿನಗಾಗಿ ಏನೋ ತೆಗೆದಿಟ್ಟಿದೆ ಎಂದು ಒಬ್ಬ ಹೇಳಿದ. ನಾನಾದರೂ ನಂಬುತ್ತಿರಲಿಲ್ಲವೇ?

“ಆ ಸಾಹುಕಾರ ಇವನ್ನೆಲ್ಲ ಏನ್ಮಾಡ್ತಾನೆ?” ಎಂದ ಚಿಕ್ಕಪ್ಪ.

ಹಿಂದೆ ಆಡಿದ್ದರಿಂದ ಕೊನೆ ನನಗೆ ಗೊತ್ತಿತ್ತು, ಹೇಳಿದೆ. ಹತ್ತೂ ವಿಗ್ರಹ ಸಿಕ್ಕಿದರೂ ಅಂಬಕಾನೋಗೆ ಸಾಲುವುದಿಲ್ಲ. ಒಂದು ಕೆತ್ತಿದ ಕಲ್ಲು ಬೇಕೆನ್ನುತ್ತಾನೆ, ಆಮೇಲೆ ಹಳೇ ರಾಜನ ಕಿರೀಟ. ಅದನ್ನು ತೊಟ್ಟು ನೆನಾಲಾಟಾ ಎಂಬ ಹಾಳೂರಿನ ಸಿಂಹಾಸನದ ಮೇಲೆ ಕೂರುತ್ತಾನೆ. ತಾನೇ ಐಲೀಡರ ರಾಜನಾಗುತ್ತೇನೆ ಎಂದುಕೊಂಡವನು ಅಲ್ಲೇ ಪಿಶಾಚಿಯಾಗಿ ಬದಲಾಗುತ್ತಾನೆ. ಅವನನ್ನು ನಾವೇ ಕೊಲ್ಲಬೇಕು.

ಚಿಕ್ಕಪ್ಪ ಬಹಳ ಹೊತ್ತು ಸುಮ್ಮನಿದ್ದ. “ಅವ್ನಿಗೂ ಯಾರೋ ಹೇಳಿರ್ಬೇಕು, ನಿನ್ನ ಹೆಸರಿಗೇ ಐತೆ ಅಂತ” ಅಂದ.

ಅಷ್ಟು ವರ್ಷಗಳ ಮೇಲೆ ಆ ಮಾತು ಅವನ ಬಾಯಿಂದಲೇ ಬಂದಿತ್ತು. ನನಗೂ ಧೈರ್ಯ ಬಂತು. ಚಂದ್ರವಳ್ಳಿಯ ಬಗ್ಗೆ ಓದಿಕೊಂಡಿದ್ದನ್ನು ಹೇಳಿದೆ. 1947ರಲ್ಲಿ ಮಾರ್ಟಿಮರ್ ವೀಲರ್ ಎಂಬ ಪುರಾತತ್ವಜ್ಞ ಅಲ್ಲಿ ಅಗೆಸಿದ. ಅವನಿಗೆ ಸಿಕ್ಕವುಗಳಲ್ಲಿ ರೋಮ್ ಚಕ್ರವರ್ತಿ ಟೈಬೀರಿಯಸನ ಬೆಳ್ಳಿ ನಾಣ್ಯವೂ ಇತ್ತು. ಬೆಳ್ಳಿಯ ತೂಕಕ್ಕೆ ಅದರ ಬೆಲೆ ಅಷ್ಟಕ್ಕಷ್ಟೇ. ಆದರೆ ಅದು ಯಾವ ಮಣ್ಣಿನ ಪದರದಲ್ಲಿ, ಯಾವ ಮಡಕೆ ಚೂರುಗಳ ಜೊತೆಗಿತ್ತೋ ಅದನ್ನು ಬರೆದಿಟ್ಟ. ಟೈಬೀರಿಯಸನ ಕಾಲ ಗೊತ್ತಿದ್ದರಿಂದ ಆ ಚೂರುಗಳ ಕಾಲವೂ ಗೊತ್ತಾಯಿತು. ಸುಮಾರು ಎರಡು ಸಾವಿರ ವರ್ಷದ ಹಿಂದೆ ಇಲ್ಲಿ ಅಡುಗೆ ಮಾಡಿಕೊಂಡು ಬದುಕಿದವರ ಲೆಕ್ಕ ಸಿಕ್ಕಿತು. ಆಗಿನ್ನೂ ಇದ್ದಿಲಿನಿಂದ ಕಾಲ ತಿಳಿಯುವ ವಿಧಾನ ಬಂದಿರಲಿಲ್ಲ, ಅಮೆರಿಕದ ಲಿಬ್ಬಿ ಅದನ್ನು ತೋರಿಸಿಕೊಟ್ಟದ್ದು 1949ರಲ್ಲಿ. ಮರ ಸತ್ತ ದಿನದಿಂದ ಅದರೊಳಗಿನ ಒಂದು ಬಗೆಯ ಕಾರ್ಬನ್ ಕರಗುತ್ತ ಹೋಗುತ್ತದೆ, ಉಳಿದದ್ದನ್ನು ಅಳೆದರೆ ಒಲೆ ಎಂದು ಉರಿದಿತ್ತೆಂದು ಹೇಳಬಹುದು. ಈಗ ಅಗೆಯುವವರು ಇದ್ದಿಲಿನ ಚೂರನ್ನು ಬರಿಗೈಯಲ್ಲಿ ಮುಟ್ಟುವುದೂ ಇಲ್ಲ.

“ಹಂಗಾದ್ರೆ ನಮಗೆ ಸಿಕ್ಕಿದ್ದ ಇದ್ದಿಲಿಗೆ ಬೆಲೆ ಇತ್ತಾ?”

ಏನು ಹೇಳಲಿ? “ಇದ್ದ ಜಾಗದಲ್ಲೇ ಇದ್ದಿದ್ರೆ ಇತ್ತು ಚಿಕ್ಕಪ್ಪ. ತೋಡಿ ಎತ್ತಿದ ಮೇಲೆ ಬರೀ ಇದ್ದಿಲು.”

ಅವನು ನಗಲಿಲ್ಲ, ಬೇಸರವನ್ನೂ ತೋರಲಿಲ್ಲ. “ಯಾರೋ ಮುದ್ದೆ ಬೇಯಿಸಿದ ಒಲೆ ಇರ್ಬೇಕು” ಎಂದು ಹೋಗಿ ಮಲಗಿದ.

ಹೊರಗೆ ಹೇಳದಿದ್ದ ಇನ್ನೊಂದು ಮಾತು ನನ್ನ ಪೆನ್ಸಿಲ್ ಡಬ್ಬಿಯಲ್ಲಿತ್ತು. ನಮ್ಮ ದೇಶದಲ್ಲಿ 1878ರ ನಿಧಿ ಕಾಯ್ದೆ ಇಂದಿಗೂ ಇದೆ. ಮಣ್ಣಿನಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನನ್ನ ಮಡಕೆ ಚೂರಿಗೆ ಯಾರು ಹತ್ತು ರೂಪಾಯಿ ಕೊಡುತ್ತಾರೆ? ಆದರೆ ಚಿಕ್ಕಪ್ಪ ಗುದ್ದಲಿಯಲ್ಲಿ ಮಾಡಿದ್ದನ್ನೇ ನಾನು ಎರಡು ಬೆರಳಲ್ಲಿ ಮಾಡಿದ್ದೆ. ಅವನಿಗೆ ಅಡ್ಡಹೆಸರು ಬಂತು, ನನಗೆ ಇತಿಹಾಸದಲ್ಲಿ ಆಸಕ್ತಿಯ ಹುಡುಗ ಎಂಬ ಹೊಗಳಿಕೆ ಬಂತು.

ವಾರದ ಮೇಲೆ ಅವನನ್ನು ಊರಿಗೆ ಬಿಡಲು ಹೊರಟೆ. ದುರ್ಗದಲ್ಲಿ ಇಳಿದು ಚಂದ್ರವಳ್ಳಿಗೆ ಹೋಗೋಣವೆಂದೆ. ಚೂರು ಜೇಬಿನಲ್ಲಿತ್ತು, ಇದ್ದಲ್ಲೇ ಇಟ್ಟು ಬರುವ ಯೋಚನೆ. ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ. ಮೈಸೂರಿನ ಎಂ. ಎಚ್. ಕೃಷ್ಣ ಅವರು 1929ರಲ್ಲಿ ಬೆಳಕಿಗೆ ತಂದದ್ದು. ಪ್ರಾಕೃತದ ಮೂರೇ ಸಾಲು. ತಾನು ಗೆದ್ದವರ ಹೆಸರು ಹೇಳಿ, ಈ ಕೆರೆಯನ್ನು ಕಟ್ಟಿಸಿದೆ ಎನ್ನುತ್ತಾನೆ. ಚಿಕ್ಕಪ್ಪ ಹೊಸ ಕಣ್ಣನ್ನು ಬಂಡೆಗೆ ಹತ್ತಿರ ತಂದು ಅಕ್ಷರಗಳನ್ನು ನೋಡಿದ. ಓದಲು ಇಬ್ಬರಿಗೂ ಬಾರದು.

“ಕೆರೆ ಕಟ್ಸಿದ್ದನ್ನ ಹೂತಿಡಲಿಲ್ಲ ನೋಡು. ಎಲ್ಲರಿಗೂ ಕಾಣೋ ಹಂಗೆ ಬಂಡೆ ಮೇಲೇ ಬರೆಸವ್ನೆ” ಅಂದ.

ನಾನು ಹಳ್ಳದ ಬದಿಗೆ ಹೋದೆ. ಇಪ್ಪತ್ತೈದು ವರ್ಷದ ಹಿಂದೆ ಬಗ್ಗಿದ್ದ ಜಾಗ ಯಾವುದು? ಇದೋ, ಆ ಪೊದೆಯ ಹತ್ತಿರವೋ? ಎಷ್ಟು ಸುತ್ತಿದರೂ ತಿಳಿಯಲಿಲ್ಲ. ಎಲ್ಲೋ ಒಂದು ಕಡೆ ಬಿಟ್ಟರೆ ಅದು ಇನ್ನೊಂದು ಸುಳ್ಳು. ಚೂರನ್ನು ಮತ್ತೆ ಜೇಬಿಗೆ ಹಾಕಿಕೊಂಡು ಬಂದೆ.

ಮೊನ್ನೆ ಚಿಕ್ಕಪ್ಪ ಫೋನ್ ಮಾಡಿದ್ದ. ಮಳೆ, ಅಡಿಕೆ ರೇಟು, ಕಣ್ಣಿನ ಡ್ರಾಪ್ಸ್ ಎಲ್ಲ ಆದ ಮೇಲೆ ಕೇಳಿದ: “ಆ ಹತ್ತನೇದು ಸಿಕ್ತೇನಪ್ಪಾ?”

“ಸಿಕ್ತು ಚಿಕ್ಕಪ್ಪ.”

“ಕೊಟ್ಯಾ ಸಾಹುಕಾರಂಗೆ?”

“ಇನ್ನೂ ಇಲ್ಲ.”

“ಹೂಂ” ಅಂದ. “ನಾನು ಬಂದಾಗ ಆಡು. ಅವನು ಗದ್ದುಗೆ ಮೇಲೆ ಕೂರೋದ್ನ ಒಂದ್ಸಲ ನೋಡ್ಬೇಕು.”